ಜೈಲಿಂದ ಊರಿಗೆ ಎಷ್ಟು ದೂರ? ಶಿವಪುರದ ಬಾವುಟ, ಮಂಡ್ಯದ ಮುಯ್ಯಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬೆಂಗಳೂರಿಂದ ಮೈಸೂರಿಗೆ ಹಳೇ ರಸ್ತೆಯಲ್ಲಿ ಹೋಗಿರೋರಿಗೆ ಮದ್ದೂರು ಅಂದ ಕೂಡಲೇ ವಡೆ ನೆನಪಾಗುತ್ತೆ. ಅದೇ ಮದ್ದೂರಿನ ಮಗ್ಗುಲಲ್ಲಿ, ಶಿಂಷಾ ಹೊಳೆ ಹತ್ತಿರ ಶಿವಪುರ ಇದೆ. ರಸ್ತೆ ಪಕ್ಕದಲ್ಲೇ ಸತ್ಯಾಗ್ರಹ ಸೌಧ ಕಾಣುತ್ತೆ. ನಮ್ಮಲ್ಲಿ ಬಹಳಷ್ಟು ಜನ ಅದನ್ನ ಬಸ್ಸಿನ ಕಿಟಕಿಯಿಂದ ನೋಡಿದ್ದೇವೆ, ಇಳಿದು ನೋಡಿರೋದು ಕಡಿಮೆ.

ಇವತ್ತು ಆ ಸೌಧದಿಂದಲೇ ಶುರು ಮಾಡೋಣ. ಆದರೆ ಬಾವುಟ ಹಾರಿಸಿದ ಕಥೆಯನ್ನಷ್ಟೇ ಹೇಳೋಕೆ ಹೊರಟಿಲ್ಲ. ಅದು ಶಾಲೆ ಪುಸ್ತಕದಲ್ಲಿದೆ. ನನ್ನ ಪ್ರಶ್ನೆ ಬೇರೆ. ಬಾವುಟ ಹಾರಿಸಿ ಜೈಲಿಗೆ ಹೋದವರು ವಾಪಸ್ ಬಂದಾಗ ಊರು ಅವರನ್ನ ಹೇಗೆ ಕರೆದುಕೊಂಡಿತು? ಇವತ್ತು ಅದೇ ಮದ್ದೂರಿಗೆ, ಮಳವಳ್ಳಿಗೆ, ಮಂಡ್ಯಕ್ಕೆ ಬೇರೆ ಕಾರಣಕ್ಕೆ ಜೈಲಿಗೆ ಹೋದವನು ವಾಪಸ್ ಬಂದರೆ ಊರು ಏನು ಮಾಡುತ್ತೆ? ಜೈಲಿನ ಬಾಗಿಲು ಎರಡೂ ಕಡೆ ಒಂದೇ ಥರದ್ದು. ಊರ ಬಾಗಿಲು ಹಾಗಿಲ್ಲ.

1938ರ ಏಪ್ರಿಲ್

ಆಗಿನ್ನೂ ಮಂಡ್ಯ ಜಿಲ್ಲೆ ಅಂತ ಇರಲಿಲ್ಲ. ಈ ಸೀಮೆ ಎಲ್ಲ ಮೈಸೂರು ಜಿಲ್ಲೆಯೊಳಗೇ ಇತ್ತು. ಮಂಡ್ಯ ಬೇರೆ ಜಿಲ್ಲೆ ಆಗಿದ್ದು ಮರುವರ್ಷ, 1939ರ ಜುಲೈನಲ್ಲಿ. ಕೃಷ್ಣರಾಜಸಾಗರದ ನೀರು ಕಾಲುವೆಯಲ್ಲಿ ಹರಿದು ಕೆಲವೇ ವರ್ಷ ಆಗಿತ್ತು. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಹುಟ್ಟಿದ್ದು 1933ರಲ್ಲಿ. ಕಬ್ಬು ಬಂತು, ಕಾಸು ಬಂತು, ಓದೋಕೆ ಪಟ್ಟಣಕ್ಕೆ ಹೋದ ರೈತರ ಮಕ್ಕಳು ವಾಪಸ್ ಬರುವಾಗ ಪತ್ರಿಕೆ ತಂದರು, ರಾಜಕೀಯ ತಂದರು.

1938ರ ಏಪ್ರಿಲ್ ಎರಡನೇ ವಾರ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಇಟ್ಟುಕೊಂಡರು. ಟಿ. ಸಿದ್ದಲಿಂಗಯ್ಯ ಅಧ್ಯಕ್ಷರು. ಮದ್ದೂರು ಸೀಮೆಯ ಎಚ್.ಕೆ. ವೀರಣ್ಣಗೌಡರಂಥವರು ಓಡಾಡಿ ಜನ ಸೇರಿಸಿದರು. ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಅಲ್ಲಿ ಕಾಂಗ್ರೆಸ್ ಬಾವುಟ ಹಾರಿಸಬಾರದು ಅಂತ ಸರ್ಕಾರ ಆಜ್ಞೆ ಹೊರಡಿಸಿತು. ಸಿದ್ದಲಿಂಗಯ್ಯನವರು ಸಾವಿರಾರು ಜನರ ಎದುರು ಬಾವುಟ ಏರಿಸಿದರು, ದಸ್ತಗಿರಿ ಆದರು. ಒಬ್ಬರಾದ ಮೇಲೊಬ್ಬರು ಮುಂದೆ ಬಂದರು, ಅವರೂ ಒಳಗೆ ಹೋದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆಯಿತು. ಮೇ ತಿಂಗಳಲ್ಲಿ ಸರ್ದಾರ್ ಪಟೇಲರು ಬಂದು ಮಿರ್ಜಾ ಜೊತೆ ಮಾತಾಡಿದರು. ಮೈಸೂರಿನ ಬಾವುಟದ ಜೊತೆ ಕಾಂಗ್ರೆಸ್ ಬಾವುಟವೂ ಹಾರಬಹುದು ಅಂತ ಒಪ್ಪಂದ ಆಯಿತು, ಒಳಗಿದ್ದವರ ಬಿಡುಗಡೆಯೂ ಆಯಿತು.

ಇಲ್ಲಿಗೆ ಪಾಠ ಮುಗಿಯುತ್ತೆ. ನಮ್ಮ ಕಥೆ ಶುರುವಾಗೋದು ಇಲ್ಲಿಂದ.

ನೀವೇ ಯೋಚನೆ ಮಾಡಿ. ಆ ಕಾಲದ ಹಳ್ಳಿಯಲ್ಲಿ 'ಸೆರೆಮನೆಗೆ ಹೋಗಿ ಬಂದವನು' ಅಂದರೆ ಏನರ್ಥ? ಮನೆತನಕ್ಕೆ ಕಪ್ಪುಮಸಿ. ಹೆಣ್ಣು ಕೊಡುವವರು ಹಿಂದೇಟು ಹಾಕೋರು. ಕಟ್ಟೆಮನೆ, ಕುಲದ ಪಂಚಾಯ್ತಿ ಅಂತ ಇತ್ತು. ಅವರು ಮನಸ್ಸು ಮಾಡಿದರೆ ಒಂದು ಸಂಸಾರಕ್ಕೆ ಬೆಂಕಿ-ನೀರು ನಿಲ್ಲಿಸಬಹುದಿತ್ತು. ಅಂಥ ಊರಲ್ಲಿ ಜೈಲು ಅನ್ನೋ ಮಾತಿನ ಅರ್ಥವೇ ಕೆಲವು ವರ್ಷಗಳಲ್ಲಿ ತಿರುಗಿ ನಿಂತಿತು. ಯಾಕೆ?

ಒಂದು, ಅವರು ಒಬ್ಬೊಬ್ಬರೇ ಹೋಗಲಿಲ್ಲ, ಗುಂಪಾಗಿ ಹೋದರು. ಎರಡು, ಅವರು ಹೋಗಿದ್ದು ಯಾಕೆ ಅಂತ ಊರಿಗೆ ಗೊತ್ತಿತ್ತು. ಬಾವುಟ ಏರಿಸಿದ್ದನ್ನ ಊರೇ ಕಣ್ಣಾರೆ ನೋಡಿತ್ತು. ಮೂರು, ಹೊರಗೆ ಬಂದಾಗ ಅವರನ್ನ ಕಾಯುತ್ತಾ ಒಂದು ಪಕ್ಷ ಇತ್ತು, ಪತ್ರಿಕೆ ಇತ್ತು, ಮುಂದಿನ ಕೆಲಸ ಇತ್ತು. ಬಂದವನಿಗೆ 'ಈಗ ನಾನೇನು ಮಾಡಲಿ' ಅನ್ನೋ ಪ್ರಶ್ನೆ ಹುಟ್ಟೋಕೆ ಮೊದಲೇ ಮುಂದಿನ ಸಭೆ ಗೊತ್ತಾಗಿರುತ್ತಿತ್ತು.

ಹಾಗಂತ ಎಲ್ಲರಿಗೂ ಒಂದೇ ಬೆಲೆ ಬಿತ್ತು ಅಂದುಕೋಬೇಡಿ. ಎಸ್. ನಿಜಲಿಂಗಪ್ಪನವರು 1939ರಲ್ಲಿ ತುರುವನೂರಿನ ಈಚಲು ಮರದ ಸತ್ಯಾಗ್ರಹ ಮಾಡಿ ಜೈಲಿಗೆ ಹೋದರು, ವಕೀಲಿಕೆಯ ಸನ್ನದನ್ನೇ ಕಳೆದುಕೊಂಡರು. ಮುಂದೆ ಅವರೇ ಮುಖ್ಯಮಂತ್ರಿ. ಕೆ.ಸಿ. ರೆಡ್ಡಿ 1947ರಲ್ಲಿ 'ಮೈಸೂರು ಚಲೋ' ಚಳವಳಿಯಲ್ಲಿ ದಸ್ತಗಿರಿ ಆದರು. ಅಕ್ಟೋಬರಿನಲ್ಲಿ ಒಪ್ಪಂದ ಆಗಿ, ಅದೇ ತಿಂಗಳು ಮೈಸೂರಿನ ಮೊದಲ ಮುಖ್ಯಮಂತ್ರಿಯಾಗಿ ಪ್ರಮಾಣ ಮಾಡಿದರು. ಅಷ್ಟು ಹತ್ತಿರದ ದಾರಿ ಇತ್ತು ಜೈಲಿಂದ ಕುರ್ಚಿಗೆ. ಆದರೆ ಆ ದಾರಿ ಇದ್ದದ್ದು ಓದಿದವರಿಗೆ, ಜಮೀನಿದ್ದವರಿಗೆ. ಅವರ ಹಿಂದೆ ಜೈಕಾರ ಹಾಕಿ ಒಳಗೆ ಹೋದ ಕೂಲಿಯಾಳಿಗೆ ಮನೆಯಲ್ಲಿ ಒಲೆ ಉರಿಸೋರು ಯಾರು ಅನ್ನೋದೇ ದೊಡ್ಡ ಪ್ರಶ್ನೆ.

ಮುಯ್ಯಿ ಅನ್ನೋ ಲೆಕ್ಕ

ಇಲ್ಲಿ ನಮ್ಮ ಕಡೆಯ ಒಂದು ಮಾತು ತರಬೇಕು: ಮುಯ್ಯಿ. ಮದುವೆಯಲ್ಲಿ ನೀವು ನಮ್ಮ ಮಗಳಿಗೆ ಹಾಕಿದ ಮುಯ್ಯಿಯನ್ನ ನಾಳೆ ನಿಮ್ಮ ಮಗನ ಮದುವೆಗೆ ನಾವು ತೀರಿಸಬೇಕು. ಹೊಲದಲ್ಲಿ ಮುಯ್ಯಾಳು. ಇವತ್ತು ನಿಮ್ಮ ಗದ್ದೆ ನಾಟಿಗೆ ನಾವು ಬಂದರೆ, ನಾಳೆ ನಮ್ಮ ಗದ್ದೆಗೆ ನೀವು. ಕೂಲಿ ಇಲ್ಲ, ಚೀಟಿ ಇಲ್ಲ. ಎಲ್ಲ ತಲೆಯೊಳಗಿನ ಲೆಕ್ಕ. ಸಂಬಂಧ ಅಂದರೆ ನಮ್ಮ ಹಳ್ಳಿಗಳಲ್ಲಿ ಇದೇ. ಪ್ರೀತಿ ಆಮೇಲೆ, ಮೊದಲು ಈ ಕೊಡು-ತಗೋ.

ಚಳವಳಿಯಲ್ಲಿ ಒಳಗೆ ಹೋದವರು ವಾಪಸ್ ಬಂದಾಗ ಮುಯ್ಯಿ ಅವರ ಕಡೆಗೇ ಬರಬೇಕಿತ್ತು. ಊರ ಪರವಾಗಿ ಹೋಗಿದ್ದಾರೆ, ಊರೇ ಅವರಿಗೆ ಸಾಲಗಾರ. ಬೇರೆ ಅಪರಾಧದಲ್ಲಿ ಹತ್ತು-ಹದಿನಾಲ್ಕು ವರ್ಷ ಕಳೆದು ಬಂದವನ ಲೆಕ್ಕ ತಲೆಕೆಳಗು. ಅವನು ಇಲ್ಲದಿದ್ದಾಗ ಊರಲ್ಲಿ ಎಷ್ಟು ಮದುವೆ, ಎಷ್ಟು ತಿಥಿ, ಎಷ್ಟು ನಾಟಿ ಆಗಿದೆ. ಯಾವುದಕ್ಕೂ ಅವನ ಕೈ ಸೇರಿಲ್ಲ. ಅವನ ಹೆಂಡತಿಯೋ ತಾಯಿಯೋ ಕೈಲಾದಷ್ಟು ತೀರಿಸಿರುತ್ತಾರೆ, ಉಳಿದದ್ದು ನಿಂತುಹೋಗಿರುತ್ತೆ. ಅವನನ್ನ ಯಾರೂ ಬೈಯೋದಿಲ್ಲ. 'ಯಾವಾಗ ಬಂದ್ಯಪ್ಪ?' ಅಂತಾರೆ, ಮುಂದಕ್ಕೆ ಹೋಗ್ತಾರೆ. ಮದುವೆ ಕಾರ್ಡು ಮಾತ್ರ ಆ ಮನೆಗೆ ಬರೋದಿಲ್ಲ.

ಇನ್ನೊಂದು ನೆನಪಿರಲಿ. ಮುಯ್ಯಿ ಅನ್ನೋ ಪದಕ್ಕೆ ಸೇಡು ಅನ್ನೋ ಅರ್ಥವೂ ಇದೆ. ಬದು ಒತ್ತಿದ ಜಗಳ, ನೀರು ತಿರುಗಿಸಿಕೊಂಡ ಜಗಳ ಕೊಲೆವರೆಗೆ ಹೋದ ಊರಿನಲ್ಲಿ ಎರಡೂ ಮನೆಯವರು ಒಂದೇ ಬೀದಿಯಲ್ಲಿ ಬದುಕಬೇಕು. ಸತ್ತವನ ಮನೆಯವರ ನೋವು ಸಣ್ಣದಲ್ಲ. ಅವರ ಎದುರಿಗೇ ಅವನು ಹಾಲಿನ ಕ್ಯಾನು ಹಿಡಿದು ಡೈರಿಗೆ ಹೋಗಬೇಕು. ಹಾಗಾಗಿ ವಾಪಸ್ ಬರೋದು ಅಂದರೆ ಬರುವವನೊಬ್ಬನ ವಿಷಯ ಅಲ್ಲ. ಅವನನ್ನ ನೋಡುತ್ತಾ ಬದುಕಬೇಕಾದವರ ವಿಷಯವೂ ಹೌದು.

ಜಾಮೀನು ಅಂದರೆ ನೆಂಟಸ್ತಿಕೆ

ಸಂಬಂಧ ಬೇಕಾಗೋದು ಬಿಡುಗಡೆ ಆದಮೇಲೆ ಅಂದುಕೊಂಡರೆ ತಪ್ಪು. ಬಿಡುಗಡೆ ಆಗೋಕೇ ಸಂಬಂಧ ಬೇಕು. 2022ರ ಕೊನೆಯ ಲೆಕ್ಕದಂತೆ ದೇಶದ ಜೈಲುಗಳಲ್ಲಿ 5,73,000ಕ್ಕೂ ಹೆಚ್ಚು ಜನ ಇದ್ದರು. ಅವರಲ್ಲಿ ಶೇ 75.8ರಷ್ಟು ವಿಚಾರಣಾಧೀನರು. ಅಂದರೆ ತಪ್ಪು ಮಾಡಿದ್ದಾರೆ ಅಂತ ಇನ್ನೂ ತೀರ್ಮಾನ ಆಗದವರು. ಇವರಲ್ಲಿ ಕೆಲವರಿಗೆ ಜಾಮೀನು ಆದೇಶ ಆಗಿರುತ್ತೆ, ಹೊರಗೆ ಬರೋಕೆ ಆಗಿರೋದಿಲ್ಲ. ಯಾಕೆ ಅಂದರೆ ಜಾಮೀನು ನಿಲ್ಲೋರು ಸಿಕ್ಕಿರೋದಿಲ್ಲ.

ಜಾಮೀನು ನಿಲ್ಲೋದು ಅಂದರೆ ಏನು? ಒಬ್ಬ ತನ್ನ ಜಮೀನಿನ ಪಹಣಿ ಹಿಡಿದು ಕೋರ್ಟಿಗೆ ಬಂದು 'ಇವನು ಓಡಿಹೋಗಲ್ಲ, ಹೋದರೆ ನಾನು ಜವಾಬ್ದಾರಿ' ಅಂತ ಸಹಿ ಹಾಕಬೇಕು. ಈಗ ಹೇಳಿ, ಗುಂಟೆ ನೆಲ ಇಲ್ಲದವನ ನೆಂಟರಿಗೆ ಪಹಣಿ ಎಲ್ಲಿಂದ ಬರಬೇಕು? ಇದ್ದವರು ಸಹಿ ಹಾಕಬೇಕಾದರೆ ಏನು ಕೇಳ್ತಾರೆ? 1978ರಲ್ಲಿ ಮೋತಿರಾಮ್ ಅನ್ನೋ ಗಾರೆ ಕೆಲಸದವನ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಜಾಮೀನು ನಿಲ್ಲೋಕೆ ಅವನ ಅಣ್ಣತಮ್ಮನೇ ಸಿದ್ಧ ಇದ್ದರೂ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಕೆಳಗಿನ ಕೋರ್ಟು ಒಪ್ಪಿರಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನ ಟೀಕಿಸಿದರು. ಬಡವನಿಗೆ ಜಾಮೀನು ಕೈಗೆಟುಕುವಂತಿರಬೇಕು ಅಂದರು. ಅದಾಗಿ ಇಷ್ಟು ವರ್ಷ ಆದರೂ ತಾಲ್ಲೂಕು ಕೋರ್ಟಿನ ಮುಂದಿನ ಮರದ ಕೆಳಗೆ ನಿಂತರೆ ಅದೇ ಮಾತು ಕಿವಿಗೆ ಬೀಳುತ್ತೆ: 'ಯಾರಾದ್ರೂ ಸಿಕ್ಕುದ್ರಾ?'

ಅದೇ ಜೈಲಿಂದ ಒಂದು ಕಾಗದ

ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿದ್ದ ಹಳೇ ಸೆಂಟ್ರಲ್ ಜೈಲು ಈಗ ಫ್ರೀಡಂ ಪಾರ್ಕ್. ಮೈಸೂರು ಸಂಸ್ಥಾನದ ಎಷ್ಟೋ ಚಳವಳಿಗಾರರು ಇದ್ದ ಜೈಲು ಅದು. 1984ರಲ್ಲಿ ಅದೇ ಜೈಲಿಂದ ರಾಮಮೂರ್ತಿ ಅನ್ನೋ ಕೈದಿ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಕಾಗದ ಬರೆದರು. ಅದನ್ನೇ ಅರ್ಜಿ ಅಂತ ತಗೊಂಡು 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ದೇಶದ ಜೈಲುಗಳ ಒಂಬತ್ತು ಸಮಸ್ಯೆ ಅಂತ ಅದರಲ್ಲಿ ಪಟ್ಟಿ ಇದೆ. ಕಿಕ್ಕಿರಿದಿರೋದು, ವಿಚಾರಣೆ ತಡ, ಹಿಂಸೆ, ಆರೋಗ್ಯ, ಊಟ-ಬಟ್ಟೆ ಇವೆಲ್ಲ ಇವೆ. ಜೊತೆಗೆ ಎರಡು ವಿಷಯ ಇವೆ, ನಮಗೆ ಇವತ್ತು ಮುಖ್ಯ: ಹೊರಗಿನವರ ಜೊತೆ ಪತ್ರ-ಸಂಪರ್ಕದ ಕೊರತೆ, ಮತ್ತು ಮನೆಯವರ ಭೇಟಿ ವ್ಯವಸ್ಥೆ. ಅಂದರೆ ಹೆಂಡತಿ ಮಕ್ಕಳ ಮುಖ ನೋಡೋದು ದಯೆಯ ವಿಷಯ ಅಲ್ಲ, ಮನುಷ್ಯ ಮನುಷ್ಯನಾಗಿ ಉಳಿಯೋಕೆ ಬೇಕಾದದ್ದು ಅನ್ನೋದು ಕೋರ್ಟಿನ ಗಮನಕ್ಕೂ ಬಂತು.

ನಮ್ಮ ಲೆಕ್ಕಕ್ಕೆ ಬನ್ನಿ. ಮಂಡ್ಯದಲ್ಲಿ ಜಿಲ್ಲಾ ಕಾರಾಗೃಹ ಇದೆ. ದೊಡ್ಡ ಶಿಕ್ಷೆ ಆದವರು ಸಾಮಾನ್ಯವಾಗಿ ಮೈಸೂರಿನ ಕೇಂದ್ರ ಕಾರಾಗೃಹಕ್ಕೆ ಹೋಗ್ತಾರೆ. ಮಳವಳ್ಳಿ ಕಡೆಯ ಒಂದು ಹಳ್ಳಿಯಿಂದ ಮೈಸೂರಿಗೆ ಹೋಗಿ, ಕಾದು, ಕೆಲವು ನಿಮಿಷ ಮಾತಾಡಿ, ಕತ್ತಲಾಗೋದರೊಳಗೆ ವಾಪಸ್ ಬರಬೇಕು. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ, ಆ ಒಂದು ಭಾರ ಇಳಿದಿದೆ. ಆ ದಿನದ ಕೂಲಿ ಯಾರು ಕೊಡ್ತಾರೆ? ಹಸುಗೆ ಹುಲ್ಲು ಯಾರು ಹಾಕ್ತಾರೆ? ಮೊದಲ ವರ್ಷ ತಿಂಗಳಿಗೊಮ್ಮೆ ಹೋಗೋರು ಐದನೇ ವರ್ಷಕ್ಕೆ ಹಬ್ಬಕ್ಕೊಮ್ಮೆ ಆದರೆ ಅವರನ್ನ ದೂರೋಕಾಗಲ್ಲ. ಎಳೆ ಹರಿಯೋದು ಹೀಗೇ, ಸದ್ದಿಲ್ಲದೆ.

ಆ ಎಳೆ ಉಳಿಸೋಕೆ ಅಂತಲೇ ಪೆರೋಲ್ ಇದೆ. 2024ರ ಕೊನೆಯಲ್ಲಿ ನಮ್ಮ ಹೈಕೋರ್ಟು ಪಕ್ಕದ ಕನಕಪುರ ತಾಲ್ಲೂಕಿನ ಒಬ್ಬ ಜೀವಾವಧಿ ಕೈದಿಗೆ 90 ದಿನ ಪೆರೋಲ್ ಕೊಟ್ಟಿತು. ಕಾರಣ ಬೇಸಾಯ. ಅಪ್ಪನ ಹೆಸರಿನ ಜಮೀನು ಇದೆ, ಉಳೋಕೆ ಮನೆಯಲ್ಲಿ ಬೇರೆ ಗಂಡಾಳಿಲ್ಲ, ಇವನು ಒಳಗೆ ಹೋಗಿ ಹನ್ನೊಂದು ವರ್ಷ ಆಗಿತ್ತು. ಸುದ್ದಿ ನೋಡಿ ಕೆಲವರು ನಕ್ಕರು, 'ಜೈಲಿಂದ ಬಂದು ಹೊಲ ಉಳ್ತಾನಂತೆ' ಅಂತ. ನನಗೆ ನಗು ಬರಲಿಲ್ಲ. ಮೂರು ತಿಂಗಳು ಊರ ಎದುರಿಗೆ ಹೊಲದಲ್ಲಿ ನಿಂತವನಿಗೆ ಮುಯ್ಯಾಳು ಕೇಳೋ ಅವಕಾಶ ಸಿಗುತ್ತೆ. ಮುಂದೆ ಪೂರ್ತಿ ಬಿಡುಗಡೆ ಆಗಿ ಬಂದ ದಿನ ಅವನು ಊರಿಗೆ ಅಪರಿಚಿತ ಆಗಿರಲ್ಲ.

ಎರಡು ಜೈಲು ಗೆಳೆತನ

ಈಗ ನನ್ನನ್ನ ಈ ಸಂಚಿಕೆ ಮಾಡೋಕೆ ಹಚ್ಚಿದ ವಿಷಯ ಹೇಳ್ತೀನಿ. ಕೇಂದ್ರ ಸರ್ಕಾರ 1972ರಲ್ಲಿ ಸ್ವಾತಂತ್ರ್ಯ ಹೋರಾಟಗಾರರಿಗೆ ಪಿಂಚಣಿ ಯೋಜನೆ ತಂದಿತು. ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳು ಜೈಲಿನಲ್ಲಿದ್ದಿರಬೇಕು. ಆ ನಿಯಮದಲ್ಲಿ 1938ರ ಏಪ್ರಿಲ್‌ನಲ್ಲಿ ಒಳಗೆ ಹೋಗಿ ಒಪ್ಪಂದ ಆದ ಕೂಡಲೇ ಹೊರಗೆ ಬಂದವರಿಗೆ ಆ ದಿನಗಳಷ್ಟೇ ಸಾಲದು, ಮುಂದಿನ ಚಳವಳಿಯ ಜೈಲು ದಿನಗಳೂ ಇರಬೇಕು. ಅದಕ್ಕೆ ದಾಖಲೆ? ಜೈಲಿನ ರಿಜಿಸ್ಟರ್ ಸಿಗದೇ ಹೋದರೆ ಇನ್ನೊಂದು ದಾರಿ ಇತ್ತು. ಜೊತೆಗೆ ಒಳಗಿದ್ದವರು 'ಹೌದು, ಇವರು ನನ್ನ ಜೊತೆ ಜೈಲಿನಲ್ಲಿದ್ದರು' ಅಂತ ಬರೆದುಕೊಡೋದು. ಸಹಕೈದಿ ಪ್ರಮಾಣಪತ್ರ. ಜೈಲಿನ ಗೆಳೆತನವನ್ನ ಸರ್ಕಾರವೇ ಸಾಕ್ಷಿ ಅಂತ ಒಪ್ಪಿಕೊಂಡಿತ್ತು.

ಇವತ್ತು ಬಿಡುಗಡೆ ಆದವನು ತನ್ನ ಜೊತೆ ಒಳಗಿದ್ದವನ ಜೊತೆ ಟೀ ಅಂಗಡಿಯಲ್ಲಿ ಕೂತರೆ ಏನಾಗುತ್ತೆ? ಬೀಟ್ ಪೊಲೀಸ್ ಕಣ್ಣಿಗೆ ಬಿದ್ದರೆ ಅದೇ ಅನುಮಾನಕ್ಕೆ ಕಾರಣ. ರೌಡಿ ಪಟ್ಟಿಯಲ್ಲಿ ಹೆಸರಿದ್ದರಂತೂ ಕೇಳೋದೇ ಬೇಡ, ಹಬ್ಬಕ್ಕೆ, ಚುನಾವಣೆಗೆ ಸ್ಟೇಷನ್ನಿಗೆ ಕರೆ ಬರುತ್ತೆ. ಒಂದೇ ಥರದ ಗೆಳೆತನ. ಒಂದು ಪಿಂಚಣಿಗೆ ದಾಖಲೆ, ಇನ್ನೊಂದು ಠಾಣೆಯ ಕಡತ.

ಪೊಲೀಸರ ಭಯ ಪೂರ್ತಿ ಸುಳ್ಳು ಅಂತ ನಾನು ಹೇಳಲ್ಲ. ಕೆಲವು ಸಂಬಂಧ ಮನುಷ್ಯನನ್ನ ಎತ್ತುತ್ತೆ, ಕೆಲವು ಮತ್ತೆ ಒಳಗೆ ಎಳೆಯುತ್ತೆ. ಅಮೆರಿಕದಲ್ಲಿ ರಾಬರ್ಟ್ ಸ್ಯಾಂಪ್ಸನ್, ಜಾನ್ ಲಾಬ್ ಅನ್ನೋ ಇಬ್ಬರು ಬಾಸ್ಟನ್ನಿನ 500 ಅಪರಾಧಿ ಹುಡುಗರ ಹಳೇ ದಾಖಲೆ ಹಿಡಿದು 1993ರಲ್ಲಿ ಒಂದು ಪುಸ್ತಕ ಬರೆದರು. ಗಟ್ಟಿ ಕೆಲಸ, ಗಟ್ಟಿ ದಾಂಪತ್ಯ ಇವೆರಡು ಸಿಕ್ಕವರು ದಾರಿ ಬದಲಿಸಿದ್ದು ಹೆಚ್ಚು ಅಂತ ಅವರು ಕಂಡರು. ಡೇವಿಡ್ ಕರ್ಕ್ ಅನ್ನೋ ಇನ್ನೊಬ್ಬರು ಕತ್ರಿನಾ ಚಂಡಮಾರುತ ಆದಮೇಲೆ ಲೂಸಿಯಾನಾದಲ್ಲಿ ನೋಡಿದ್ದು ಬೇರೆ. ಊರೇ ಹಾಳಾಗಿ ಬೇರೆ ಕಡೆ ನೆಲೆಸಿದ ಮಾಜಿ ಕೈದಿಗಳು ಮತ್ತೆ ಜೈಲಿಗೆ ಹೋದದ್ದು ಕಡಿಮೆ. ಅಂದರೆ ಹಳೇ ಬೀದಿ, ಹಳೇ ಗೆಳೆಯರು ತಪ್ಪಿದ್ದೇ ಅವರಿಗೆ ಒಳ್ಳೆಯದಾಯಿತು.

ನಮ್ಮವರಿಗೂ ಇದು ಗೊತ್ತು. ಹಾಗಾಗೇ ಎಷ್ಟೋ ಜನ ಊರಿಗೆ ಬರದೆ ಮದ್ದೂರಲ್ಲಿ ರೈಲು ಹತ್ತಿ ಬೆಂಗಳೂರು ಸೇರೋದು. ಅಲ್ಲಿ ಯಾರೂ 'ಎಲ್ಲಿದ್ದೆ' ಅಂತ ಕೇಳಲ್ಲ. ಕೆಲಸಕ್ಕೆ ಪೊಲೀಸ್ ವೆರಿಫಿಕೇಷನ್ ಕೇಳೋ ಕಂಪನಿ ಬಿಟ್ಟರೆ ಕಟ್ಟಡ, ಮೂಟೆ, ಹೋಟೆಲು ಇದ್ದೇ ಇದೆ. ಆದರೆ ಇದಕ್ಕೂ ಬೆಲೆ ಇದೆ. ಊರಲ್ಲಿ ಉಳಿದ ತಾಯಿಯನ್ನ ನೋಡಿಕೊಳ್ಳೋರು ಯಾರು? ಜ್ವರ ಬಂದು ಮಲಗಿದರೆ ಗಂಜಿ ಕೊಡೋರು ಯಾರು? ಓಡಿಹೋಗೋದು ಒಂದು ದಾರಿ, ಅದೊಂದೇ ದಾರಿ ಆಗಬಾರದು.

ಪಂಕ್ತಿ

ಊರಿಗೇ ಬಂದವನಿಗೆ ಬಾಗಿಲು ತೆರೆಯೋದು ಸಾಮಾನ್ಯವಾಗಿ ದೊಡ್ಡ ದೊಡ್ಡ ಕೆಲಸದಿಂದಲ್ಲ. ಹಾಲಿನ ಡೈರಿ ನೋಡಿ. ಅಲ್ಲಿ ಅಳೆಯೋದು ಹಾಲಿನ ಗಟ್ಟಿತನವನ್ನ, ತಂದವನ ಹಿಂದಿನ ಕಥೆಯನ್ನಲ್ಲ. ಒಂದು ಹಸು, ಹೆಂಡತಿ ಹೆಸರಿನ ಪಾಸ್‌ಬುಕ್, ದಿನಕ್ಕೆ ಎರಡು ಸಲ ಎಲ್ಲರ ಜೊತೆ ಸಾಲಿನಲ್ಲಿ ನಿಲ್ಲೋದು. ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಲ್ಲೋ ಕೆಲಸ. ಊರ ಹುಡುಗರು 'ಕುರುಕ್ಷೇತ್ರ' ನಾಟಕ ಕಲಿಯುವಾಗ ಹಾರ್ಮೋನಿಯಂ ಮೇಷ್ಟ್ರು ಕರೆದು 'ನಿನ್ನ ಕಂಠ ಚೆನ್ನಾಗಿದೆ, ಬಾರಪ್ಪ' ಅನ್ನೋದು. ಇದನ್ನ ಹಗುರವಾಗಿ ತಗೋಬೇಡಿ. ರಂಗಾಯಣದ ಹುಲುಗಪ್ಪ ಕಟ್ಟೀಮನಿ ಅವರು 1990ರ ದಶಕದ ಕೊನೆಯಲ್ಲಿ ಬಳ್ಳಾರಿ ಜೈಲಿನಲ್ಲಿ ಶುರು ಮಾಡಿ ಕೈದಿಗಳಿಂದಲೇ ನಾಟಕ ಆಡಿಸಿದ್ದಾರೆ. ಜೈಲಿನ ಹೊರಗಿನ ರಂಗಮಂದಿರದಲ್ಲೂ ಆಡಿಸಿದ್ದಾರೆ. ಬಣ್ಣ ಹಚ್ಚಿ ನಿಂತವನನ್ನ ಜನ ಸ್ವಲ್ಪ ಹೊತ್ತು ಬೇರೆ ಹೆಸರಿಂದ ನೋಡ್ತಾರೆ. ಆ ಸ್ವಲ್ಪ ಹೊತ್ತು ಅವನಿಗೆ ಬಹಳ.

ಮಳವಳ್ಳಿ ಸೀಮೆಯವರಿಗೆ ಒಂದು ಮಾತು ನೆನಪಿಸಬೇಕಾಗಿಲ್ಲ. ಮಂಟೇಸ್ವಾಮಿ ಪರಂಪರೆಯಲ್ಲಿ ಸಿದ್ದಪ್ಪಾಜಿಯನ್ನ ಹಲಗೂರಿನಲ್ಲಿ ಎಂಥೆಂಥ ಪರೀಕ್ಷೆಗೆ ಒಡ್ಡಿದರು ಅನ್ನೋದನ್ನ ನೀಲಗಾರರ ಬಾಯಲ್ಲಿ ಕೇಳಿದ್ದೀರಿ. ಅದೇ ಸಿದ್ದಪ್ಪಾಜಿಯ ಚಿಕ್ಕಲ್ಲೂರು ಜಾತ್ರೆಯಲ್ಲಿ ಪಂಕ್ತಿಸೇವೆ ಅಂತ ನಡೆಯುತ್ತೆ. ಜಾತಿ ಕೇಳದೆ ಸಾಲಾಗಿ ಕೂತು ಉಣ್ಣೋದು. ಪರೀಕ್ಷೆ ಮುಗಿದ ಮೇಲೆ ಪಂಕ್ತಿ. ನಮ್ಮ ಜನಪದರಿಗೆ ಈ ಕ್ರಮ ಗೊತ್ತಿತ್ತು.

ಕೋರ್ಟು ಶಿಕ್ಷೆಗೆ ಒಂದು ಕೊನೆ ಇಡುತ್ತೆ, ಇಂಥ ದಿನ ಅಂತ. ಊರು ಕೊಡೋ ಶಿಕ್ಷೆಗೆ ತಾರೀಕು ಇರೋದಿಲ್ಲ. ಶಿವಪುರದಿಂದ ಕಲಿಯಬೇಕಾದ್ದು ಇಷ್ಟೇ ಅಂತ ನನಗನ್ನಿಸುತ್ತೆ. ಕೊಲೆ ಮಾಡಿದವನನ್ನೂ ಬಾವುಟ ಹಾರಿಸಿದವರನ್ನೂ ಒಂದೇ ತಕ್ಕಡಿಯಲ್ಲಿ ಇಡಿ ಅಂತ ನಾನು ಹೇಳ್ತಿಲ್ಲ. ಆದರೆ ಜೈಲಿಂದ ಬಂದವನಿಗೆ ಬೇಕಾದದ್ದು ಎರಡೂ ಕಾಲಕ್ಕೆ ಒಂದೇ: ಕಾಯೋರು ಒಬ್ಬರು, ಮಾರನೇ ದಿನಕ್ಕೆ ಒಂದು ಕೆಲಸ, ಊರ ಸಾಲಿನಲ್ಲಿ ಕೂರೋಕೆ ಒಂದು ಜಾಗ. ಅವರಿಗೆ ಅದನ್ನ ಒಂದು ಚಳವಳಿ ಕೊಟ್ಟಿತು. ಇವನಿಗೆ ಅವ್ವನೋ ಹೆಂಡತಿಯೋ ಒಬ್ಬಳೇ ಕೊಡಬೇಕಾಗಿದೆ.

ಮುಂದಿನ ಸಲ ಶಿವಪುರದ ಹತ್ತಿರ ಹೋದಾಗ ಐದು ನಿಮಿಷ ಇಳಿದು ಸೌಧ ನೋಡಿ. ನಿಮ್ಮ ಊರಿಗೆ ಹಾಗೆ ವಾಪಸ್ ಬಂದವರು ಯಾರಾದರೂ ಇದ್ದರೆ, ಮನೆ ಶುಭಕಾರ್ಯಕ್ಕೆ ಕಾರ್ಡು ಬರೆಯುವಾಗ ಆ ಮನೆಯನ್ನ ಬಿಟ್ಟಿದ್ದೀವಾ ಅಂತ ಒಂದು ಸಲ ನೋಡಿ.